ಬೆಟ್ಟದ ಕಡೆಯ ಮುನಿಶಾಮಪ್ಪ

ಮುನಿಶಾಮಪ್ಪನಿಗೆ ಎಡ-ಬಲ ಎಂಬುದಿಲ್ಲ. ಬಂಗಾರಪೇಟೆಯಿಂದ ಬೂದಿಕೋಟೆಗೆ ಬರುವ ಸಪಾಟು ರಸ್ತೆಯಲ್ಲೂ ಅವನಿಗೆ ಒಂದು ಮಗ್ಗುಲು 'ಬೆಟ್ಟದ ಕಡೆ', ಇನ್ನೊಂದು 'ಕಣಿವೆ ಕಡೆ'. ಬಸ್ಸು ಹತ್ತಿದರೆ ಕುಳಿತ ಹೆಂಗಸಿಗೆ "ಬೆಟ್ಟದ ಕಡೆ ಸೀಟು ಬಿಡಮ್ಮ" ಎನ್ನುತ್ತಾನೆ. ಕಿಟಕಿಯಾಚೆ ರಾಗಿ ಹೊಲವಲ್ಲದೆ ಬೇರೇನನ್ನೂ ಕಾಣದ ಆಕೆ ಕಕ್ಕಾಬಿಕ್ಕಿಯಾಗುತ್ತಾಳೆ. ಸೇನೆಯ ಇಂಜಿನಿಯರ್ ದಳದಲ್ಲಿ ಇಪ್ಪತ್ನಾಲ್ಕು ವರ್ಷವಿದ್ದು, ಅರುಣಾಚಲದ ಪರ್ವತಗಳ ಪಕ್ಕೆಯಲ್ಲಿ ರಸ್ತೆ ಕಡಿದು, ಹವಾಲ್ದಾರನಾಗಿ ನಿವೃತ್ತನಾದ ಈ ಮನುಷ್ಯ, ಮೊದಲ ಗೇರಿನಲ್ಲಿ ದಿಣ್ಣೆ ಹತ್ತುವ ಲಾರಿಯಂತೆ ಮುಂದಕ್ಕೆ ಬಾಗಿ, ಗಿಡ್ಡ ಹೆಜ್ಜೆಯಿಡುತ್ತ, ಬೆಳಗಿನ ಹೊತ್ತು ಡೈರಿಗೆ ಹಾಲು ಒಯ್ಯುತ್ತಾನೆ. ಮೈಮೇಲೆ ಅದೇ ಹಸಿರು ಮಿಲಿಟರಿ ಕೋಟು. ಉದುರಿದ ಗುಂಡಿಗಳ ಜಾಗದಲ್ಲಿ ಹೆಂಡತಿ ಆದಿಲಕ್ಷ್ಮಿ ತನ್ನ ರವಿಕೆಯ ಕೆಂಪು ಗುಂಡಿ ಹೊಲಿದಿದ್ದಾಳೆ. ಅದನ್ನೂ ಅವನು ಪದಕದ ಗಾಂಭೀರ್ಯದಿಂದಲೇ ಧರಿಸುತ್ತಾನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಲವತ್ತು ವರ್ಷಗಳಿಂದ ನಾನು ಇವನನ್ನು ಕಂಡು ಕರುಬಿದ್ದೇನೆ.

ನಾವಿಬ್ಬರೂ ಒಂದೇ ಊರಿನವರು, ಬೂದಿಕೋಟೆಯ ಶಾಲೆಯಲ್ಲಿ ಒಂದೇ ಬೆಂಚಿನವರು. ಅವನ ಅಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವವರು. ವಾರಕ್ಕೊಮ್ಮೆ ಊರಿಗೆ ಬಂದಾಗ ಸಿಡಿಮದ್ದಿನ ಕಥೆ ಹೇಳುವರು. ಸೇನೆಗೆ ಸೇರಲು ಒಂದೇ ದಿನ ಸಾಲಿನಲ್ಲಿ ನಿಂತೆವು. ನನ್ನ ಪಾದ ಚಪ್ಪಟೆಯೆಂದು ವೈದ್ಯರು ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು. ಅವನು ಒಳಗೆ ಹೋದ. ಅಪ್ಪ ಭೂಮಿಯನ್ನು ಕೆಳಮುಖವಾಗಿ ಕೊರೆದರೆ ಮಗ ಪರ್ವತವನ್ನು ಅಡ್ಡಲಾಗಿ ಕೊರೆದ. ನಾನು ಡಿಪ್ಲೊಮಾ ಓದಿ, ಸರ್ಕಾರದ ಕಿರಿಯ ಇಂಜಿನಿಯರನಾಗಿ, ಇದೇ ತಾಲ್ಲೂಕಿನಲ್ಲಿ ರಸ್ತೆ ಹಾಕಿದೆ. ಮಾಡಿದ್ದು ಇಬ್ಬರೂ ರಸ್ತೆಯನ್ನೇ. ಆದರೆ ಬರೀ ಹವಾಲ್ದಾರನಾಗಿದ್ದ ಅವನನ್ನು ಜನ 'ಮೇಜರ್ ಸಾಬ್' ಎಂದರು; ನನ್ನನ್ನು ಕಂಡರೆ ಗುಂಡಿ ಮುಚ್ಚಿಸಿ ಎಂದರು.

ಎರಡು ವರ್ಷದ ಹಿಂದೆ ಮುಖ್ಯೋಪಾಧ್ಯಾಯಿನಿ ಅರುಣಕುಮಾರಿಯವರು ಅವನನ್ನು ಶಾಲೆಗೆ ಮಾತಾಡಲು ಕರೆದರು. ನಾನೂ ಹೆಂಡತಿ ಶಶಿರೇಖಳೊಡನೆ ಹೋಗಿದ್ದೆ, ಅವನು ತೊದಲಲಿ ಎಂಬ ಗುಟ್ಟಿನ ಆಸೆಯಿಂದ. ನವ್ಯ ಎಂಬ ಹುಡುಗಿ ಎದ್ದು, "ಎಷ್ಟು ಜನ ಶತ್ರುಗಳ್ನ ಸಾಯ್ಸಿದ್ರಿ ತಾತಾ?" ಎಂದಳು.

"ಒಬ್ರನ್ನೂ ಇಲ್ಲ ಕಣಮ್ಮ. ಬಂದೂಕ ಎಗಲ ಮೇಲಿರೋದು. ಕೆಲ್ಸ ಎಲ್ಲಾ ಆರೆ-ಸಲಿಕೇದೇ."

ಮಕ್ಕಳ ಮುಖ ಬಾಡಿತು; ನನ್ನ ಮುಖ ಅರಳಿತು. ಅಷ್ಟರಲ್ಲಿ ಅವನು ಮುಂದುವರಿಸಿದ: "ಒಂದೂರಿಗೆ ರಸ್ತೆ ಮುಟ್ಟಿಸಿದ್ವಿ. ಆ ಜನ ಒಂದು ತಿಂಗ್ಳು ಅದ್ರ ಮೇಲೆ ಕಾಲೇ ಇಕ್ಕಲಿಲ್ಲ. ಮಿಲ್ಟ್ರಿಯೋರ್ದು ಅಂತ ಪಕ್ಕದ ಮುಳ್ಳಾಗೇ ನಡ್ಯೋರು. ಕೊನೀಗೆ ನಾನೇ ಓಗಿ ಒಬ್ಬಜ್ಜಿ ಕೈ ಇಡ್ಕಂಡು ನಡೆಸ್ಕಂಡು ಬಂದೆ. ಆಯಮ್ಮ ಅರ್ಧ ದಾರೀಲಿ ಕುಂತ್ಕಂಡು ಅತ್ಬಿಡ್ತು. ಮಗಳು ಎರಿಗೆ ನೋವಲ್ಲಿ ಇದೇ ಇಳಿಜಾರಲ್ಲಿ ಸತ್ತೋಗಿದ್ಲಂತೆ, ಬುಟ್ಟೀಲಿ ಆಸ್ಪತ್ರೆಗೆ ಒತ್ಕಂಡು ಓಗ್ತಿರುವಾಗ."

ನವ್ಯ ಕುಳಿತುಕೊಳ್ಳುವುದನ್ನೇ ಮರೆತಳು. ಹಿಂತಿರುಗುವಾಗ ಶಶಿರೇಖ ಕೇಳಿದಳು: "ನೀವೂ ಮೂವತ್ತು ವರ್ಷ ರಸ್ತೆ ಮಾಡಿಸ್ದೋರೇ ಅಲ್ವಾ? ಇಂಥದ್ದು ಒಂದಾದ್ರೂ ಐತಾ?" ನಾನು ಹೆಜ್ಜೆ ಚುರುಕು ಮಾಡಿದೆ.

ಕಳೆದ ವರ್ಷ ಹಿಂಗಾರು ಮಳೆ ಹಟ ಹಿಡಿದು ಸುರಿದಾಗ, ಊರ ಮುಂದಿನ ಹಳ್ಳದ ಮೋರಿ ಕುಸಿಯಿತು. ಸುಧಾಕರನ ಹಾಲಿನ ವ್ಯಾನು ಮಗುಚಿ ಅವನ ಭುಜದ ಮೂಳೆ ಮುರಿಯಿತು. ಆ ಮೋರಿ ನಾನು ನಿಂತು ಕಟ್ಟಿಸಿದ್ದು. ಪಾಯ ತೋಡುವಾಗ ತಳದಲ್ಲಿ ನೀರು ಉಕ್ಕಿತ್ತು; ಆದರೆ ಉದ್ಘಾಟನೆಗೆ ದಿನ ನಿಗದಿಯಾಗಿಬಿಟ್ಟಿತ್ತು; ಇನ್ನೂ ಮೂರಡಿ ತೋಡಬೇಕಾದಲ್ಲಿ ನಾನು 'ಸಾಕು' ಎಂದಿದ್ದೆ.

ಊರೆಲ್ಲ ದಡದಲ್ಲಿ ನೆರೆದಿತ್ತು. ಪಂಚಾಯಿತಿ ಸದಸ್ಯ ಸೊಣ್ಣಪ್ಪ ನನ್ನತ್ತ ನೋಡುತ್ತಲೇ, "ಯಾಕಿಂಗಾಯ್ತು? ನೀನು ತಿಳಿದೋನು, ನೋಡಿ ಯೋಳು ಮುನಿಶಾಮಣ್ಣ" ಎಂದ. ಮುನಿಶಾಮಪ್ಪ ಕೋಟು ಬಿಚ್ಚಿಟ್ಟು, ಹಾರೆ ಹಿಡಿದು ಕೆಸರಿಗಿಳಿದ. ಮುರಿದ ಗೋಡೆಯ ಬುಡವನ್ನು ಮೂರು ಕಡೆ ತಿವಿದು ನೋಡಿದ. ನನ್ನ ಮಾನ ಆ ಹಾರೆಯ ತುದಿಯಲ್ಲಿತ್ತು. ಮೇಲೆ ಬಂದು ಅವನೆಂದದ್ದು ಇಷ್ಟೇ: "ನೀರು ಭಾಳ ಬಂದೈತೆ. ಪಾಯ ಇನ್ನೂ ಕೆಳಕ್ಕೆ ಓಗ್ಲಿ ಈ ಸಲ."

ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಮತ್ತಷ್ಟು ಅಸೂಯೆ. ಬೇಡದೆಯೇ ಕ್ಷಮಿಸುವಷ್ಟು ಎತ್ತರ ಇವನಿಗೆ ಯಾರು ಕೊಟ್ಟರು? ಜನ ಚೆದುರಿದ ಮೇಲೆ ಅವನ ತೋಳು ಹಿಡಿದು ನಿಲ್ಲಿಸಿದೆ. "ನಿಜ ಯಾಕೆ ಹೇಳಲಿಲ್ಲ? ನನ್ನ ಮೇಲೆ ಕನಿಕರವಾ?"

ಅವನು ಕೈಯ ಕೆಸರನ್ನು ಹುಲ್ಲಿಗೆ ಒರೆಸಿಕೊಂಡ.

"ಕನಿಕರ ಅಲ್ಲ ಕಣ್ಲಾ ಗೋಪಿ. ಅರುಣಾಚಲದಾಗೆ ಒಂದ್ಸಲ ಬಂಡೆ ಸಿಡಿಸಿದ್ಮೇಲೆ ಮೇಲ್ಗಡೆ ಸಡ್ಲ ಐತಾ ಅಂತ ನಾನು ನೋಡ್ಬೇಕಾಗಿತ್ತು. ರಸ್ತೆ ತೆರ್ಯೋ ದಿನ ಅತ್ರ ಬಂದಿತ್ತು. ಸರಿಯಾಗಿ ನೋಡ್ದೇನೇ, ಸಾಕು ಅಂದೆ. ಬಂಡೆ ಉರುಳಿ ಇಬ್ರು ಸತ್ತೋದ್ರು."

ಇಬ್ಬರ ಹೆಸರನ್ನೂ ಅವರ ಊರನ್ನೂ ಹೇಳಿದ. ವಿಚಾರಣೆಯಲ್ಲಿ ತಪ್ಪು ತನ್ನದೆಂದು ತಾನೇ ಬರೆದುಕೊಟ್ಟನಂತೆ; ಆದ್ದರಿಂದಲೇ ಇಪ್ಪತ್ನಾಲ್ಕು ವರ್ಷವಾದರೂ ಹವಾಲ್ದಾರನಾಗಿಯೇ ಉಳಿದನಂತೆ. "ನಿಂದು ನೀನೇ ಯೋಳ್ಬೇಕು. ನಾನು ಯೋಳುದ್ರೆ ಅದು ಚಾಡಿ ಆಯ್ತದೆ."

ಅವನೇ ಮುಂದೆ ನಿಂತು ಹೊಸ ಪಾಯ ತೋಡಿಸಿದ. ನಾನು ಟೇಪು ಹಿಡಿದೆ. ತಪ್ಪೊಪ್ಪಿಕೊಳ್ಳಲೆಂದು ಸುಧಾಕರನ ಮನೆಗೆ ಎರಡು ಸಲ ಹೋದೆ, ಎರಡು ಸಲವೂ ಕಾಫಿ ಕುಡಿದು, ಮಳೆಯ ಮಾತಾಡಿ ಎದ್ದುಬಂದೆ. ಈ ಬರಹವನ್ನು ಮೊದಲು ಓದುವವನು ಸುಧಾಕರನೇ ಆಗಿರುತ್ತಾನೆ.

ದುರ್ಗಮ ಪರ್ವತಗಳಿಗೆ ದಾರಿ ಮಾಡಿಕೊಡುವ ಇಂಥ ಸಿಪಾಯಿಗಳನ್ನು ನಾವು ಧೈರ್ಯವಂತರೆಂದು ಹೊಗಳುತ್ತೇವೆ. ಹಿಮಕ್ಕೂ ಪ್ರಪಾತಕ್ಕೂ ಎದೆಗೊಡುವ ಧೈರ್ಯವೇ ಅವರ ಹಿರಿಮೆಯಾಗಿದ್ದರೆ, ನನ್ನ ಚಪ್ಪಟೆ ಪಾದವನ್ನು ಶಪಿಸಿ ನಾನು ಸಮಾಧಾನಪಡಬಹುದಿತ್ತು. ಆದರೆ ಅವರಲ್ಲಿ ಕೆಲವರು ತಮ್ಮ ತಪ್ಪಿನಿಂದ ಸತ್ತವರ ಹೆಸರನ್ನು ಕಡೆಯತನಕ ತಾವೇ ಹೊತ್ತು ನಡೆಯುತ್ತಾರೆ, ಕೇಳಿದವರಿಗೆ ತಲೆ ತಗ್ಗಿಸದೆ ಹೇಳುತ್ತಾರೆ. ಅದಕ್ಕೆ ಯಾವ ಪಾದವಾದರೂ ಸಾಕಾಗುತ್ತಿತ್ತು.