ಹುಂಜದ ಮೇಲೆ ಮೂವತ್ತೊಂದು ಕಾಮೆಂಟು

ಬೀದಿಯವರ ತೀರ್ಮಾನ ಭಾನುವಾರ ಸಂಜೆ ಆರಕ್ಕೆ ಎಂದಿದ್ದರೂ ಚಿಕ್ಕಮುನಿಯಮ್ಮ ನಾಲ್ಕಕ್ಕೇ ಬಿದಿರಿನ ಮಂಕರಿ ತಂದು ಜಗಲಿಯ ಮೇಲಿಟ್ಟಳು. ತಾನು ಸಾಕಿದ ಹುಂಜವನ್ನು ಅದರಲ್ಲಿ ಕೂರಿಸಿ, ಮೇಲೆ ಹಳೇ ಸೀರೆಯ ತುಂಡು ಕಟ್ಟಿ, ಕಲಾಸಿಪಾಳ್ಯದಲ್ಲಿ ಬಸ್ಸು ಹತ್ತಿ ತಂಗಿಯ ಊರಿಗೆ ಬಿಟ್ಟುಬರುವುದೆಂದು ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ತಂಗಿಯ ಗಂಡ ಕೋಳಿ ಸಾಕುವುದಕ್ಕಿಂತ ತಿನ್ನುವುದರಲ್ಲಿ ಗಟ್ಟಿಗ ಎಂಬುದೊಂದೇ ಅವಳ ಸಂಕಟ.

ತ್ಯಾಗರಾಜನಗರದ ಆ ಬೀದಿಯವರು ಫೋನಿನಲ್ಲಿ ಒಂದು ಚರ್ಚಾಕಟ್ಟೆ ಮಾಡಿಕೊಂಡಿದ್ದರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಶೀನಣ್ಣ ಸೋಮವಾರ ಅದರಲ್ಲಿ ಬರೆದಿದ್ದರು: 'ಬೆಳಗಿನ ನಾಲ್ಕೂವರೆಗೆ ಕೂಗುವ ಹುಂಜ ನಮ್ಮ ಬೀದಿಗೆ ಬೇಕೆ? ಬೇಕೆನ್ನುವವರು ಮೇಲಿನ ಬಾಣ ಒತ್ತಿ, ಬೇಡವೆನ್ನುವವರು ಕೆಳಗಿನದು. ಯಾರು ಒತ್ತಿದರೆಂದು ಯಾರಿಗೂ ಕಾಣದು. ಸಮ ಬಂದರೂ ಹುಂಜ ಹೊರಡತಕ್ಕದ್ದು.' ಅದರ ಕೆಳಗೆ ಕಾಮೆಂಟು ಶುರುವಾಯಿತು. ಅಲ್ಲಿ ಹೆಸರು ಕಾಣುತ್ತಿತ್ತು.

ಚಿಕ್ಕಮುನಿಯಮ್ಮನಿಗೆ ಬಾಣದ ಮೇಲೆ ನಂಬಿಕೆಯಿರಲಿಲ್ಲ. ಅವಳ ಹುಟ್ಟೂರಿನ ಕಟ್ಟೆಯಲ್ಲಿ ನ್ಯಾಯ ಕೂತರೆ ಎದ್ದು ಮಾತಾಡಿದವರದೇ ನಡೆಯುತ್ತಿತ್ತು. ಸುಮ್ಮನೆ ಎಲೆಅಡಿಕೆ ಅಗಿಯುತ್ತ ಕೂತವರನ್ನು ಒಪ್ಪಿದರೆಂದೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಹಾಗಾಗಿ ಆರು ದಿನವೂ ಮೊಮ್ಮಗಳು ಯಶಶ್ರೀಯಿಂದ ಕಾಮೆಂಟನ್ನೇ ಓದಿಸಿದಳು.

"ಇವತ್ತೇನಂತವ್ರೆ?"

"ಮೇಷ್ಟ್ರೇ ಅಜ್ಜಿ. ಹುಂಜದ ಶಬ್ದದಿಂದ ಬಿಪಿ ಜಾಸ್ತಿ ಆಗತ್ತಂತೆ."

"ಹುಂಜುಕ್ಕಾ?"

"ಅವ್ರಿಗೆ! ಎದುರು ಮನೆ ಮಧುಸೂದನ್ ಅಂಕಲ್ ಚಪ್ಪಾಳೆ ಹಾಕವ್ರೆ."

"ನಮ್ ಪರ ಯಾರೂ ಇಲ್ವೇನೇ?"

"ನೀನು ಹೇಳ್ದಲ್ಲ, 'ಅದು ಹುಂಜ, ಕೂಗ್ತದೆ' ಅಂತ, ಅದೊಂದೇ. ಅದಕ್ಕೆ ಮೇಷ್ಟ್ರು ಮೂರು ಪ್ಯಾರಾ ಉತ್ತರ ಕೊಟ್ಟವ್ರೆ."

ಮೂಲೆ ಮನೆಯ ಜಾನಕಮ್ಮ ಹೂವು ಕೊಯ್ಯಲು ಬಂದಾಗ ಚಿಕ್ಕಮುನಿಯಮ್ಮ ಕೇಳಿಯೇಬಿಟ್ಟಿದ್ದಳು, "ನೀವಾದ್ರೂ ಒಂದ್ ಮಾತು ಬರೀಬಾರ್ದಾ?" ಜಾನಕಮ್ಮ ಅತ್ತಿತ್ತ ನೋಡಿ, "ಅಯ್ಯೋ, ಆ ಮೇಷ್ಟ್ರ ಹತ್ರ ಯಾರಮ್ಮ ಮಾತು ಬೆಳೆಸ್ತಾರೆ!" ಎಂದು ದಾಸವಾಳ ಹಿಡಿದುಕೊಂಡು ಹೊರಟುಹೋಗಿದ್ದರು. ಅಲ್ಲಿಗೆ ಮಂಕರಿಯೇ ಗತಿ ಎನಿಸಿತ್ತು.

ಆರು ಗಂಟೆಗೆ ಚಿಕ್ಕಮುನಿಯಮ್ಮ ಹುಂಜದ ಕಾಲಿಗೆ ದಾರ ಸುತ್ತುತ್ತಿದ್ದಳು. ಯಶಶ್ರೀ ಒಳಗಿನಿಂದ ಕಿರುಚಿದಳು.

"ಅಜ್ಜೀ, ಬಿಚ್ಚು! ಮೇಲಿನ ಬಾಣ ಹನ್ನೆರಡು, ಕೆಳಗಿಂದು ಹನ್ನೊಂದು!"

"ಹನ್ನೆರಡು ಜನ ಎಲ್ಲಿದ್ರೇ? ಒಬ್ರೂ ತುಟಿ ಬಿಚ್ಚಿಲ್ವಲ್ಲ!"

"ಬಿಚ್ದೇ ಇರೋರೇ ಒತ್ತಿರೋದು."

ಅಷ್ಟರಲ್ಲಿ ಶೀನಣ್ಣ ಗೇಟಿನ ಹತ್ತಿರ ಪ್ರತ್ಯಕ್ಷರಾದರು. ಕನ್ನಡಕ ಹಣೆಯ ಮೇಲಿತ್ತು, ಫೋನು ಕೈಯಲ್ಲಿತ್ತು.

"ಇದು ಅನ್ಯಾಯ ಕಣಮ್ಮ ಯಶಶ್ರೀ! ಮೂವತ್ತೊಂದು ಕಾಮೆಂಟು ಬರೆದಿದೀನಿ ನಾನು. ಹೆಬ್ಬೆರಳು ಊದ್ಕೊಂಡಿದೆ, ನೋಡು!"

"ಸರ್, ನೀವು ಕೆಳಗಿನ ಬಾಣ ಒತ್ತಿದ್ರಾ?"

ಶೀನಣ್ಣ ಕನ್ನಡಕವನ್ನು ಮೂಗಿಗಿಳಿಸಿಕೊಂಡು ಫೋನು ನೋಡಿದರು. ಒತ್ತಿದರೆ ಬಣ್ಣ ಬರಬೇಕಿದ್ದ ಕೆಳಗಿನ ಬಾಣ ಬೆಳ್ಳಗೇ ಇತ್ತು.

"ಅಷ್ಟೊಂದು ಬರೆದ ಮೇಲೆ ಬೇರೆ ಒತ್ತಬೇಕೇನಮ್ಮ? ನನ್ನ ಅಭಿಪ್ರಾಯ ಗೊತ್ತೇ ಇದೆಯಲ್ಲ!"

"ಒತ್ತಿದ್ರೆ ಸಮ ಆಗ್ತಿತ್ತು ಸರ್. ಹುಂಜ ಹೋಗ್ತಿತ್ತು."

ಮೇಷ್ಟ್ರು ಮೂವತ್ತೆರಡನೆಯ ಕಾಮೆಂಟು ಟೈಪು ಮಾಡುತ್ತಲೇ ಮನೆಯ ಕಡೆ ನಡೆದರು.

ಚಿಕ್ಕಮುನಿಯಮ್ಮ ದಾರ ಬಿಚ್ಚುತ್ತಿದ್ದಂತೆ ಕಾಂಪೌಂಡಿನ ಮೇಲೆ ಶೀನಣ್ಣನವರ ಹೆಂಡತಿ ಗೋದಾ ಅವರ ತಲೆ ಮೂಡಿತು.

"ಹನ್ನೆರಡನೇದು ನಂದು ಕಣ್ರೀ. ಯಾರಿಗೂ ಹೇಳ್ಬೇಡಿ."

"ಅಯ್ ನಮ್ಮವ್ವಾ! ನಿಮ್ ಯಜಮಾನ್ರು ನಿದ್ದೆಯಿಲ್ಲ ಅಂತ ಒದ್ದಾಡ್ತವ್ರಲ್ಲ!"

"ಹುಂಜ ಕೂಗಿದ್ರೆ ಬೈಕೊಂಡು ಎದ್ದು ವಾಕಿಂಗ್ ಹೋಗ್ಬಿಡ್ತಾರೆ. ಏಳು ಗಂಟೆ ತನಕ ಮನೆ ನಿಶ್ಶಬ್ದವಾಗಿರತ್ತೆ. ಮೂವತ್ತೆಂಟು ವರ್ಷದಲ್ಲಿ ಇದೇ ಮೊದಲು." ಗೋದಾ ಒಮ್ಮೆ ಹಿಂದೆ ತಿರುಗಿ ನೋಡಿ ದನಿ ಇನ್ನಷ್ಟು ತಗ್ಗಿಸಿದರು. "ಅಲ್ಲಾ, ಅದನ್ನ ಒಂದರ್ಧ ಗಂಟೆ ಮುಂಚೆ ಕೂಗಿಸಕ್ಕಾಗತ್ತಾ?"