ಅಂಗೈಯೊಳಗಿನ ಪೂಜೆ

ಗುರುಸಿದ್ದನಿಗೆ ಹೆತ್ತ ತಾಯಿಯ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಸ್ತನ ಕ್ಯಾನ್ಸರಿನ ಚಿಕಿತ್ಸೆಗೆಂದು ಬಾಗಲಕೋಟೆಯಿಂದ ಬೆಂಗಳೂರಿನ ಬಿಟಿಎಂನ ತನ್ನ ಬಾಡಿಗೆ ಮನೆಗೆ ಕರೆತಂದಿದ್ದ ಮುರಿಗೆವ್ವ ವಾರದಿಂದ ಮಲಗಿರಲಿಲ್ಲ. ಮುಂದಕ್ಕೆ ಬಾಗಿ ಕೂತೇ ಬೆಳಗು ಮಾಡುತ್ತಿದ್ದಳು. ಒಂದು ಮಾತು ಮುಗಿಸಲು ನಡುನಡುವೆ ನಿಂತು ಉಸಿರೆಳೆದುಕೊಳ್ಳಬೇಕು. ಕೇಳಿದರೆ "ಔಷಧದ್ದು... ನಿಶ್ಶಕ್ತಿ" ಅಂತಿದ್ದಳು. ಇವತ್ತು ಬೆಳಗ್ಗೆ ತುಟಿ ನೀಲಿಗಟ್ಟಿದ್ದು ಕಂಡು ಆಟೋ ಹತ್ತಿಸಿ ಜಯನಗರದ ಆಸ್ಪತ್ರೆಗೆ ತಂದಿದ್ದ.

ಡಾಕ್ಟರ್ ವಿಭಾ ಸ್ಕ್ಯಾನಿನ ಪರದೆ ತೋರಿಸಿದರು. "ನೋಡಿ, ಹಾರ್ಟ್ ಸುತ್ತ ಕಪ್ಪಗಿರೋದೆಲ್ಲ ನೀರು. ಕ್ಯಾನ್ಸರ್‌ನಿಂದ ತುಂಬ್ಕೊಂಡಿದೆ. ಹಾರ್ಟ್‌ಗೆ ಅರಳೋಕೆ ಜಾಗನೇ ಇಲ್ಲ. ಈಗ್ಲೇ ಸೂಜಿ ಹಾಕಿ ತೆಗೀಬೇಕು. ತಡ ಮಾಡಿದ್ರೆ ನಿಂತೇ ಹೋಗುತ್ತೆ."

ಅಷ್ಟರಲ್ಲಿ ಹೊಸ ರಂಪ! ಸೂಜಿ ಇಳಿಯಬೇಕಾದ ಜಾಗದಲ್ಲೇ ಅವ್ವನ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೂಗುತ್ತಿತ್ತು. ನರ್ಸ್ ದಾರಕ್ಕೆ ಕೈ ಹಾಕಿದ್ದೇ ತಡ, ಮುರಿಗೆವ್ವ ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

"ದೀಕ್ಷಾ ಆದಾಗಿಂದ... ಮೈ ಬಿಟ್ಟಿಲ್ಲ. ಜೀವ ಹೋಗ್ಲಿ... ತಗಿಯಂಗಿಲ್ಲ."

"ಯವ್ವಾ, ನಾ ಹಿಡಕೊಂಡ ಇಲ್ಲೇ ನಿಂದರ್ತೀನಿ, ಕೊಡಬೇ!"

ಜಪ್ಪಯ್ಯ ಅನ್ನಲಿಲ್ಲ ಹಟಮಾರಿ. ಬಿಪಿ ಪಾತಾಳಕ್ಕಿಳಿದು ಮಾನಿಟರ್ ಒಂದೇ ಸಮನೆ ಕಿರುಚುತ್ತಿತ್ತು.

"ಸಾಯಬೇಕಂತ ಮಾಡೀ ಏನು? ದಿನಾ ಪೂಜಿಗೆ ಕುಂತಾಗ ಎದಿ ಮ್ಯಾಲಿಂದ ತಗೀತಿಯಲ್ಲ..." ಎಂದು ಒದರಿದವನು ತನ್ನ ಮಾತಿಗೆ ತಾನೇ ಬೆಚ್ಚಿಬಿದ್ದ. ಅಯ್ಯೋ, ಹೌದಲ್ಲ! ಪೂಜೆಯ ಹೊತ್ತಿಗೆ ಲಿಂಗ ಇರುವುದು ಎಡ ಅಂಗೈಯಲ್ಲಿ. ಅದು ಮುಗಿಯುವ ತನಕ ಮನೆಯಲ್ಲಿ ಯಾರೂ ಪಿಟ್ಟೆನ್ನುವಂತಿಲ್ಲ, ಮಿಕ್ಸಿ ಹಾಕುವಂತಿಲ್ಲ. ದಿನಾ ಕಣ್ಣೆದುರಿಗೇ ನಡೆಯುವುದು!

"ಮೇಡಂ, ಎಡಗೈಯಾಗ ಹಿಡಕೊಂಡ್ರ ನಡೀತದೇನ್ರಿ?"

"ಧಾರಾಳವಾಗಿ! ಡ್ರಿಪ್ ಬಲಗೈಗಿದೆ. ಬೇಗ, ಬೇಗ!"

"ಯವ್ವಾ, ಈಗ ಪೂಜಿಗೆ ಕುಂತೀನಿ ಅನ್ಕೋ. ಅಂಗೈಯಾಗ ಇಟ್ಕೋ."

ಮುರಿಗೆವ್ವ ಮಗನ ಮುಖವನ್ನೇ ನೋಡಿದಳು. ಆಮೇಲೆ ತಾನೇ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಗೆ ಇಳಿಸಿಕೊಂಡು ಕಣ್ಣು ಮುಚ್ಚಿದಳು. ಖಾಲಿ ಕರಡಿಗೆ ಗುರುಸಿದ್ದನ ಕೈಗೆ ಬಂತು.

ಸೂಜಿ ಇಳಿಯಿತು. ಸಿರಿಂಜಿಗೆ ಕೆಂಪು ನೀರು ಬಂತು, ಇನ್ನೂ ಬಂತು. ಬಾಗಿಲ ಬಳಿ ನಿಂತಿದ್ದ ಗುರುಸಿದ್ದನ ಕಣ್ಣು ಮಾನಿಟರಿನ ಮೇಲೆ. ಕೊನೆಯ ಓವರ್ ನೋಡುವವನ ಹಾಗೆ ನಿಂತಲ್ಲೇ ಕುಣಿಯುತ್ತಿದ್ದ.

"ಏರಾಕತ್ತೈತಿ! ಬಿಪಿ ಏರಾಕತ್ತೈತಿ ನೋಡ್ರಿ!"

"ಬಂತು!" ವಿಭಾ ಕೂಡ ಕೂಗಿಬಿಟ್ಟರು. "ನೀರು ಮತ್ತೆ ತುಂಬ್ಕೋಬಹುದು, ಕ್ಯಾನ್ಸರ್ ಅಂತೂ ಇದ್ದೇ ಇದೆ. ಆದ್ರೆ ಇವತ್ತು ಗೆದ್ವಿ!"

"ಯವ್ವಾ! ಗೆದ್ದಿ ಬೇ!" ವಾರ್ಡಿಗೆ ವಾರ್ಡೇ ತಿರುಗಿ ನೋಡುವಂತೆ ಕೂಗಿದ ಗುರುಸಿದ್ದ.

ಮುರಿಗೆವ್ವ ಕಣ್ಣು ತೆರೆಯಲಿಲ್ಲ. "ಎಷ್ಟರ ಒದರ್ತೀಯೋ ಮಂಗ್ಯಾ, ಬಾಯಿ ಮುಚ್ಚಗೊಂಡು ನಿಂದರು, ನಂದಿನ್ನೂ ಪೂಜಿ ಮುಗಿದಿಲ್ಲ!" ಅಂದಳು.

ಅಷ್ಟೂ ಒಂದೇ ಉಸಿರಿನಲ್ಲಿ. ಗುರುಸಿದ್ದ ಬಾಯಿ ಮುಚ್ಚಿಕೊಂಡು ಅತ್ತ.