ಮೇಲ್ದರ್ಜೆಯ ಹಠ

ಊಟದ ಮೇಜಿನ ಆ ತುದಿಯಲ್ಲಿ ಮಾವ, ಈ ತುದಿಯಲ್ಲಿ ನಾದಿನಿ, ನಡುವೆ ನನ್ನ ಮಗಳು. ಲೈಸೆನ್ಸ್ ಪಡೆದ ಹವ್ಯಾಸಿಗಳು ಮನೆಯಿಂದಲೇ ಮಾತಾಡುವ ಹ್ಯಾಮ್ ರೇಡಿಯೊ ವಿಷಯಕ್ಕೆ ಮಾವ ನಾದಿನಿ, ಅಪ್ಪ ಮಗಳಿಬ್ಬರೂ, ಜಟಾಪಟಿಗಿಳಿದರೆ ಲೈಸೆನ್ಸ್ ಇಲ್ಲದ ನನ್ನ ಪಾಲಿಗೆ ಬರುವುದು ಬಟಾಣಿ ಬಿಡಿಸುವ ಕೆಲಸ.

ಮಗಳು ಯಾವ ದರ್ಜೆಯ ಪರೀಕ್ಷೆಗೆ ಕೂರಬೇಕು ಎಂಬುದು ಅವತ್ತಿನ ಜಗಳ. ಕೆಳದರ್ಜೆಗೆ ಕಾಯ್ದೆ ಮತ್ತು ವಿದ್ಯುತ್ತಿನ ಪಾಠ ಬಂದರೆ ಸಾಕು, ಮೈಕ್ ಹಿಡಿದು ಮಾತಾಡಬಹುದು. ಮೇಲ್ದರ್ಜೆಗೆ ಮೋರ್ಸ್ ಕೂಡ ಬೇಕು. ಗಿಡ್ಡ, ಉದ್ದ ಸದ್ದುಗಳಲ್ಲಿ ಬರುವ ಅಕ್ಷರಗಳನ್ನು ಕಿವಿಯಲ್ಲೇ ಹಿಡಿದು ಬರೆಯಬೇಕು.

"ಬಾಯಿ ಇರೋವಾಗ ಟುಕು ಟುಕು ಯಾಕಪ್ಪಾ?" ಎಂದಳು ನಾದಿನಿ. ಹ್ಯಾಮ್ ಕ್ಲಬ್ಬಿನಲ್ಲಿ ಹೊಸಬರಿಗೆ ಪಾಠ ಹೇಳುವವಳು ಅವಳೇ. "ಮೋರ್ಸ್ ಅಂದ್ರೇನೇ ಅರ್ಧ ಜನ ವಾಪಸ್ ಹೋಗ್ತಾರೆ. ಆ ಪರೀಕ್ಷೆನೇ ತೆಗೆದುಹಾಕ್ಬೇಕು."

ಮಾವ ಅವಳ ಮುಖವನ್ನೇ ದಿಟ್ಟಿಸಿ ನೋಡಿ, ಆಮೇಲೆ ಬಾಯಿ ಬಿಟ್ಟರು. "ಬರೀ ಬಾಯಿಗೆ ಲೈಸೆನ್ಸ್ ಯಾಕೆ? ನೀನು ಹುಟ್ಟಿದಾಗಿಂದ ಲೈಸೆನ್ಸ್ ಇಲ್ದೇನೇ ಮಾತಾಡ್ತಿದೀಯ."

ಮಗಳು ಬಟಾಣಿ ಬಾಯಿಗೆಸೆದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: "ತಾತ, ನಾನು ಕೆಳದರ್ಜೆ ತಗೊಂಡ್ರೆ, ನನ್ನ ಮೊದಲ ಕರೆಗೆ ನೀನು ಉತ್ತರ ಕೊಡ್ತೀಯ ತಾನೆ?"

ಲೈಸೆನ್ಸ್ ಸಿಕ್ಕ ಮೇಲಿನ ಮೊದಲ ಕರೆಗೆ ಉತ್ತರಿಸಿದವರನ್ನು ಈ ರೇಡಿಯೊದವರು ಯಾರೂ ಮರೆಯುವುದಿಲ್ಲ. ಅದು ತಾತನೇ ಆಗಬೇಕೆಂದು, ಹೆಡ್‌ಫೋನು ಕತ್ತಿಗೆ ಜಾರುವಷ್ಟು ಚಿಕ್ಕವಳಿದ್ದಾಗಲೇ ಅವಳು ಹೇಳಿಬಿಟ್ಟಿದ್ದಳು.

"ಮೇಲ್ದರ್ಜೆ ತಗೋ," ಎಂದು ಮಾವ ಎದ್ದುಹೋದರು.

"ಹಟಮಾರಿ ಮುದುಕ," ಎಂದಳು ನಾದಿನಿ, ಮುದ್ದಿನಿಂದಲೇ. ಮಗಳ ಮುಖ ಮಾತ್ರ ಬಾಡಿತು.

ಅವಳು ಕೆಳದರ್ಜೆಯನ್ನೇ ಬರೆದಳು, ಪಾಸಾದಳು. ಲೈಸೆನ್ಸ್ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾದಿನಿಯ ಮನೆಗೆ ಹೋಗಿ ಅಲ್ಲಿಂದ ಕರೆಯುವುದೆಂದು ಠರಾವಾಯಿತು. ತಾತ ಉತ್ತರಿಸುತ್ತಾರೋ ಇಲ್ಲವೋ ಎಂಬ ಅಳುಕಿನಲ್ಲಿ ತಿಂಡಿಯನ್ನೂ ಅರ್ಧ ಬಿಟ್ಟೇ ಹೋದಳು.

ಮಾವನ ರೇಡಿಯೊ ಕೋಣೆಯ ಹೊರಗೇ ನಮ್ಮ ಬಟ್ಟೆ ಒಣಗಿಸುವ ತಂತಿ. ದಿಂಬಿನ ಚೀಲ ಕೊಡವುತ್ತಿದ್ದಾಗ ಸ್ಪೀಕರಿನಲ್ಲಿ ಅವಳ ದನಿ ಸ್ವಚ್ಛವಾಗಿ ಕೇಳಿತು. ತನ್ನ ಕಾಲ್‌ಸೈನ್, ಲೈಸೆನ್ಸಿನ ಜೊತೆ ಬಂದ ರೇಡಿಯೊ ಹೆಸರು, ಹೇಳಿ ತಾತನನ್ನು ಕರೆಯುತ್ತಿದ್ದಳು. ಉತ್ತರವಿಲ್ಲ. ಮತ್ತೆ ಕರೆದಳು. ಈ ಸಲ ಕೊನೆಯಲ್ಲಿ ದನಿ ಸಣ್ಣಗೆ ನಡುಗಿತು.

ನನಗೆ ರೇಗಿತು. ಒದ್ದೆ ಚೀಲ ಹೆಗಲಿಗೆ ಹಾಕಿಕೊಂಡೇ ಒಳನುಗ್ಗಿದೆ. ಮಾವ ಬಗ್ಗಿ ಕೂತು ಗುಂಡಿ ತಿರುಗಿಸುತ್ತಿದ್ದರು. ವಾಲ್ಯೂಮ್ ಕೊನೆಯವರೆಗೆ ಏರಿಸಿದ್ದರು. ಇನ್ನೊಂದು ಅಂಗೈ ಸ್ಪೀಕರಿನ ಮೇಲಿತ್ತು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

"ಮಾವ, ಅವಳು ಕರೀತಿದಾಳೆ."

ಬೆನ್ನು ಅಲುಗಲಿಲ್ಲ. ನಾನು ಎದುರಿಗೆ ಹೋಗಿ ಮತ್ತೆ ಹೇಳಿದೆ. ಅವರ ಕಣ್ಣು ನನ್ನ ತುಟಿಯ ಮೇಲೆ ನೆಟ್ಟಿತು.

"ಸದ್ದು ಬರುತ್ತಮ್ಮ," ಎಂದರು ಮೆಲ್ಲಗೆ. "ಮಾತು ಬರಲ್ಲ. ಎಲ್ಲಾ ಕಲಸಿದ ಹಾಗಿರುತ್ತೆ. ಮೋರ್ಸ್ ಆದ್ರೆ ಒಂದೇ ಸ್ವರ ನೋಡು, ಅದು ಈಗಲೂ ಸರಿಯಾಗಿ ಸಿಗುತ್ತೆ."

ಬಾಗಿಲಿನ ಬಜರ್ ಒತ್ತಿದರೆ ಎಲ್ಲರಿಗಿಂತ ಮೊದಲು ಏಳುವವರು, ಊಟಕ್ಕೆ ಕರೆದರೆ ಮಾತ್ರ ಯಾಕೆ ಬರುತ್ತಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

"ಇದಕ್ಕೇನಾ ಅಷ್ಟು ಹಠ?"

"ಅವಳಿಗೆ ಹೇಳ್ಬೇಡ. ತಾತ ಮೇಲ್ದರ್ಜೆಗೇ ಹಠ ಮಾಡ್ದ ಅಂತಾನೇ ಅಂದ್ಕೊಳ್ಳಲಿ."

ಸ್ಪೀಕರಿನಲ್ಲಿ ಮತ್ತೆ ಅವಳ ದನಿ. ಲೈಸೆನ್ಸ್ ಇಲ್ಲದ ನಾನು ಮೈಕ್ ಮುಟ್ಟುವಂತಿಲ್ಲ. ಕುರ್ಚಿಯ ಎದುರು ಮೊಣಕಾಲೂರಿ ಕೂತು, ಅವಳು ಅಂದದ್ದನ್ನೆಲ್ಲ ತುಟಿ ಬಿಡಿಸಿ ಬಿಡಿಸಿ ಅವರಿಗೆ ಹೇಳತೊಡಗಿದೆ. ಮಾವ ಮೈಕಿನ ಗುಂಡಿ ಒತ್ತಿದರು. ಅವಳ ಕಾಲ್‌ಸೈನನ್ನು ಒಂದೊಂದೇ ಅಕ್ಷರವಾಗಿ ಹೇಳಿದರು. ಆ ಕಡೆಯಿಂದ ಕಿರುಚಾಟ, ಹಿಂದೆ ನಾದಿನಿಯ ಚಪ್ಪಾಳೆ.

"ಏನಂತಾಳೆ?" ಎಂದರು ಮಾವ.

"ಏನೂ ಅಂತಿಲ್ಲ. ಕುಣೀತಿದಾಳೆ."

ಮಧ್ಯಾಹ್ನ ಮಗಳು ಬಂದವಳೇ, "ಉತ್ತರ ಕೊಡೋಕೆ ಪ್ರತಿ ಸಲ ಅಷ್ಟು ಹೊತ್ತು ಯಾಕೆ ತಾತ? ಬೇಜಾರಾ ನನ್ಮೇಲೆ?" ಎಂದಳು.

ಮಾವ ನನ್ನ ಕಡೆ ನೋಡಿದರು. ನಾನು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. ಹೇಳಬೇಕಾದವರು ಅವರೇ. ಮಾವ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು: "ಪರೀಕ್ಷೆಗೆ ಬೇಡ ಕಣೇ. ನನಗೋಸ್ಕರ ಮೋರ್ಸ್ ಕಲೀತೀಯಾ?" ಉಳಿದದ್ದನ್ನು ಅವಳ ಕೈ ಹಿಡಿದುಕೊಂಡು ಹೇಳಿದರು. ಅವಳು ಎದ್ದುಹೋಗಿ ಮುಖ ತೊಳೆದುಕೊಂಡು ಬಂದಳು.

ಈಗ ನಾದಿನಿಯೇ ಮುಂದೆ ನಿಂತು ಅಪ್ಪನನ್ನು ಕಿವಿಯ ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ. "ಪ್ರೀತಿಗೆ ಕಲಿಯೋದು ಬೇರೆ, ಪರೀಕ್ಷೆಗೆ ಬೇರೆ. ಆ ಪರೀಕ್ಷೆ ತೆಗೀಲೇಬೇಕು," ಎಂದು ದಾರಿಯುದ್ದಕ್ಕೂ ವಾದಿಸುತ್ತಾಳಂತೆ. ಮಾವ ಕೇಳಿಸದವರ ಹಾಗೆ ಕಿಟಕಿಯಾಚೆ ನೋಡುತ್ತಾರಂತೆ.

ಮೊನ್ನೆ ಸಂಜೆ ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ. ಬಾಗಿಲಿನ ಬಜರ್ ಗಿಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ, ಮತ್ತೆ ಗಿಡ್ಡಕ್ಕೆ ಗುಂಯ್‌ಗುಟ್ಟಿತು. ಮಾವ ಚಪ್ಪಲಿಯನ್ನೂ ಹುಡುಕದೆ ಎದ್ದು ಹೋದರು.

"ಅಕ್ಷರ ಅಕ್ಷರದ ಮಧ್ಯೆ ಉಸಿರು ಬಿಡೇ ಹುಡುಗೀ! ಯಾರು ಪಾಸ್ ಮಾಡ್ತಾರೆ ನಿನ್ನ?"

ಮಗಳು ಹೊರಗೇ ನಿಂತು ಮತ್ತೆ ಮೊದಲಿಂದ ಒತ್ತಿದಳು. ಅವರು ಬಾಗಿಲು ತೆರೆಯಲಿಲ್ಲ. ಬಾಗಿಲ ಹಲಗೆಗೆ ಹಣೆ ಆನಿಸಿ, ಕೊನೆಯ ಅಕ್ಷರದವರೆಗೂ ಕೇಳಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ನನ್ನ ಹಾಲು ಉಕ್ಕಿತು.